ಮೊಟ್ಟೆಯ ಹಳದಿ ಎಸೆಯುವ ಮುಂಚೆ ಬಾಣಲೆಯೊಳಗೆ ಒಮ್ಮೆ ನೋಡಿ

ನಮ್ಮ ಅಪ್ಪನಿಗೆ ಕೊಲೆಸ್ಟ್ರಾಲ್ ಜಾಸ್ತಿ ಇದೆ ಅಂತ ಗೊತ್ತಾದ ದಿನದಿಂದ ಅಮ್ಮ ಮೊಟ್ಟೆಯ ಹಳದಿ ಎಸೆಯಲು ಶುರು ಮಾಡಿದರು. ಒಡೆದ ಚಿಪ್ಪಿನ ಎರಡು ಹೋಳುಗಳ ಮಧ್ಯೆ ಹಳದಿಯನ್ನು ಆ ಕಡೆ ಈ ಕಡೆ ಮಾಡುತ್ತಾ, ಬಿಳಿಯನ್ನೆಲ್ಲ ಬಟ್ಟಲಿಗೆ ಇಳಿಸಿ, ಉಳಿದ ಹಳದಿಯನ್ನು ಸಿಂಕಿಗೆ ಸುರಿಯುತ್ತಿದ್ದರು. ಆಮೇಲೆ ಬಾಣಲೆಗೆ ಎರಡು ದೊಡ್ಡ ಚಮಚ ಬೆಣ್ಣೆ. ಬರೀ ಬಿಳಿಗೆ ರುಚಿ ಇರುವುದಿಲ್ಲ ಅಲ್ವಾ, ಅದಕ್ಕೆ. ವರ್ಷಗಟ್ಟಲೆ ಹೀಗೇ ನಡೆಯಿತು. ಅಪ್ಪನ ರಿಪೋರ್ಟ್ ಮಾತ್ರ ಇಳಿಯಲಿಲ್ಲ. ಆ ಬೆಣ್ಣೆಯ ಕಡೆ ನಮ್ಮಲ್ಲಿ ಯಾರ ಗಮನವೂ ಹೋಗಿರಲಿಲ್ಲ.

ಈಗ ಲೆಕ್ಕ ಹಾಕಿ ನೋಡಿದರೆ ಬೇಜಾರಾಗುತ್ತದೆ. ಒಂದು ದೊಡ್ಡ ಮೊಟ್ಟೆಯ ಹಳದಿಯಲ್ಲಿ ಸುಮಾರು 186 ಮಿಲಿಗ್ರಾಂ ಕೊಲೆಸ್ಟ್ರಾಲ್, ಒಂದೂವರೆ ಗ್ರಾಂನಷ್ಟು ಸ್ಯಾಚುರೇಟೆಡ್ ಕೊಬ್ಬು (ಬೆಣ್ಣೆ, ತೆಂಗಿನೆಣ್ಣೆಯಲ್ಲಿ ಜಾಸ್ತಿ ಇರುವ ಬಗೆಯ ಕೊಬ್ಬು) ಇರುತ್ತದೆ. ಒಂದು ದೊಡ್ಡ ಚಮಚ ಬೆಣ್ಣೆ ಅಂದರೆ 14 ಗ್ರಾಂ, ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬೇ 7 ಗ್ರಾಂ. ಎರಡು ಹಳದಿ ಎಸೆದು ನಾವು 3 ಗ್ರಾಂ ಉಳಿಸಿದೆವು, ಎರಡು ಚಮಚ ಬೆಣ್ಣೆ ಹಾಕಿ 14 ಗ್ರಾಂ ಸೇರಿಸಿದೆವು. ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸುವುದರಲ್ಲಿ ದೊಡ್ಡ ಪಾಲು ಈ ಸ್ಯಾಚುರೇಟೆಡ್ ಕೊಬ್ಬಿನದು. ಊಟದಲ್ಲಿ ತಿಂದ ಕೊಲೆಸ್ಟ್ರಾಲ್‌ನ ಪಾಲೂ ಇದೆ, ಆದರೆ ಹೆಚ್ಚಿನ ಜನರಲ್ಲಿ ಅದು ಚಿಕ್ಕದು.

ಮೊಟ್ಟೆ ತಿನ್ನಬೇಕಾ ಬಿಡಬೇಕಾ ಎಂದು ಗೊಂದಲದಲ್ಲಿ ಇರುವವರಿಗಾಗಿ, ಎಲ್ಲಿಂದ ಶುರು ಮಾಡಿ ಏನೇನು ನೋಡಬೇಕು ಅನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಹೆಜ್ಜೆಗೆ ಮುಂಚೆ ಸ್ವಲ್ಪ ಒಳಗಿನ ವಿಷಯ ತಿಳಿದಿರಬೇಕು, ಇಲ್ಲದಿದ್ದರೆ ಯಾಕೆ ಹೀಗೆ ಹೇಳುತ್ತಿದ್ದೇನೆ ಅನ್ನುವುದು ಗೊತ್ತಾಗುವುದಿಲ್ಲ.

ದೇಹವೇ ಕೊಲೆಸ್ಟ್ರಾಲ್ ತಯಾರಿಸುತ್ತದೆ

ಕೊಲೆಸ್ಟ್ರಾಲ್ ವಿಷವಲ್ಲ. ಪ್ರತಿ ಜೀವಕೋಶದ ಪೊರೆಗೂ ಅದು ಬೇಕು. ಹಾರ್ಮೋನುಗಳಿಗೆ, ವಿಟಮಿನ್ ಡಿಗೆ, ಕೊಬ್ಬು ಜೀರ್ಣ ಮಾಡುವ ಪಿತ್ತರಸಕ್ಕೆ ಅದೇ ಕಚ್ಚಾ ಸಾಮಾನು. ನಮಗೆ ಬೇಕಾದ ಹೆಚ್ಚಿನ ಪಾಲನ್ನು ದೇಹವೇ ಮಾಡಿಕೊಳ್ಳುತ್ತದೆ, ಅದರಲ್ಲಿ ಲಿವರ್‌ನ ಕೆಲಸ ದೊಡ್ಡದು. ನಾವು ಊಟದಲ್ಲಿ ಜಾಸ್ತಿ ತಿಂದರೆ ಲಿವರ್ ತನ್ನ ತಯಾರಿಕೆ ಕಮ್ಮಿ ಮಾಡುತ್ತದೆ, ಕರುಳು ಹೀರಿಕೊಳ್ಳುವುದನ್ನೂ ಕಮ್ಮಿ ಮಾಡುತ್ತದೆ. ಹೀಗೆ ಒಂದು ಮಟ್ಟಿಗೆ ಸರಿದೂಗಿಸಿಕೊಳ್ಳುತ್ತದೆ.

ಇದಕ್ಕೆ ವೈದ್ಯಕೀಯ ಸಾಹಿತ್ಯದಲ್ಲಿ ಒಂದು ಬಹಳ ಹೆಸರಾದ ಉದಾಹರಣೆ ಇದೆ. 1991ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ 88 ವರ್ಷದ ಒಬ್ಬ ಅಜ್ಜನ ವರದಿ ಬಂತು. ಆತ ದಿನಕ್ಕೆ 25 ಮೊಟ್ಟೆ ತಿನ್ನುತ್ತಿದ್ದರು. ರಕ್ತದ ಕೊಲೆಸ್ಟ್ರಾಲ್ ಮಾಮೂಲಿ ಮಟ್ಟದಲ್ಲೇ ಇತ್ತು. ಪರೀಕ್ಷೆ ಮಾಡಿ ನೋಡಿದರೆ ತಿಂದ ಕೊಲೆಸ್ಟ್ರಾಲ್‌ನಲ್ಲಿ ಅವರ ಕರುಳು ಹೀರಿಕೊಳ್ಳುತ್ತಿದ್ದದ್ದು ಬರೀ 18 ಶೇಕಡಾ. ಇದನ್ನು ಓದಿ ಯಾರೂ 25 ಮೊಟ್ಟೆ ತಿನ್ನಲು ಹೋಗಬೇಡಿ, ಆ ಅಜ್ಜನ ದೇಹ ಅವರದು, ನಮ್ಮದು ನಮ್ಮದು. ಕೆಲವರ ಕರುಳು ಇದಕ್ಕೆ ತದ್ವಿರುದ್ಧ, ಸ್ವಲ್ಪ ತಿಂದರೂ ಜಾಸ್ತಿ ಹೀರಿಕೊಳ್ಳುತ್ತದೆ. ಈ ವ್ಯತ್ಯಾಸವೇ ಮುಂದಿನ ಹೆಜ್ಜೆಗಳ ಆಧಾರ.

ಸ್ಯಾಚುರೇಟೆಡ್ ಕೊಬ್ಬಿನ ಕಥೆ ಬೇರೆ. ಲಿವರ್‌ನ ಮೇಲೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್ ಅನ್ನುವುದು ಇದಕ್ಕೇ) ಕಣಗಳನ್ನು ರಕ್ತದಿಂದ ಹಿಡಿದು ಒಳಗೆ ಎಳೆದುಕೊಳ್ಳುವ ಗ್ರಾಹಕಗಳು ಇರುತ್ತವೆ. ಇವನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ ತಿಂದರೆ ಈ ಗ್ರಾಹಕಗಳ ಕೆಲಸ ಕುಗ್ಗುತ್ತದೆ. ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಾ ಉಳಿಯುತ್ತದೆ, ನಿಧಾನವಾಗಿ ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತದೆ.

ಹೆಜ್ಜೆ 1: ನಿಮ್ಮ ನಂಬರ್ ತಿಳಿದುಕೊಳ್ಳಿ

ಮೊಟ್ಟೆಯ ಬಗ್ಗೆ ತೀರ್ಮಾನ ಮಾಡುವ ಮುಂಚೆ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ ಮಾಡಿಸಿ. ಇದು ಇಲ್ಲದೆ ಉಳಿದದ್ದೆಲ್ಲ ಸುಮ್ನೆ ಊಹೆ. ರಿಪೋರ್ಟ್ ಕೈಗೆ ಬಂದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಒಟ್ಟು ಕೊಲೆಸ್ಟ್ರಾಲ್ ಮೇಲೆ, ಆದರೆ ಅದೊಂದರಿಂದ ಹೆಚ್ಚು ತಿಳಿಯುವುದಿಲ್ಲ. ಎಲ್‌ಡಿಎಲ್ ನೋಡಿ. ಬೇರೆ ತೊಂದರೆ ಇಲ್ಲದವರಿಗೆ ಅದು ಒಂದು ಡೆಸಿಲೀಟರ್ ರಕ್ತಕ್ಕೆ 100 ಮಿಲಿಗ್ರಾಂ ಒಳಗೆ ಇದ್ದರೆ ಒಳ್ಳೆಯದು, 160 ದಾಟಿದರೆ ಜಾಸ್ತಿ, 190 ದಾಟಿದರೆ ತುಂಬಾ ಜಾಸ್ತಿ. ಈಗಾಗಲೇ ಹೃದಯದ ಕಾಯಿಲೆ ಇರುವವರಿಗೆ ವೈದ್ಯರು ಇಡುವ ಗುರಿ ಇನ್ನೂ ಕೆಳಗೆ, 70 ಅಥವಾ ಅದಕ್ಕಿಂತ ಕಮ್ಮಿ ಇರುತ್ತದೆ. ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) 150ರ ಒಳಗೆ ಇರಬೇಕು.

ಇನ್ನೊಂದು ಲೆಕ್ಕ ನೀವೇ ಹಾಕಿಕೊಳ್ಳಬಹುದು. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಕಳೆಯಿರಿ. ಒಟ್ಟು 210 ಇದ್ದು ಎಚ್‌ಡಿಎಲ್ 45 ಇದ್ದರೆ ಉಳಿಯುವುದು 165. ಇದಕ್ಕೆ ನಾನ್ ಎಚ್‌ಡಿಎಲ್ ಅನ್ನುತ್ತಾರೆ, ರಕ್ತನಾಳಕ್ಕೆ ತೊಂದರೆ ಕೊಡುವ ಕಣಗಳೆಲ್ಲ ಇದರಲ್ಲಿ ಸೇರಿರುತ್ತವೆ. ಎಲ್‌ಡಿಎಲ್ ಗುರಿಗೆ 30 ಸೇರಿಸಿದರೆ ಇದರ ಗುರಿ ಸಿಗುತ್ತದೆ, ಅಂದರೆ ಎಲ್‌ಡಿಎಲ್ 100 ಇರಬೇಕಾದವರಿಗೆ ಇದು 130ರ ಒಳಗೆ ಇರಬೇಕು. ಟ್ರೈಗ್ಲಿಸರೈಡ್ ಜಾಸ್ತಿ ಇರುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಈ ಸಂಖ್ಯೆ ಬಹಳ ಉಪಯೋಗ.

ಜ್ವರ ಬಂದು ಎದ್ದ ವಾರದಲ್ಲಿ, ಆಪರೇಷನ್ ಆದ ಕೂಡಲೇ ಈ ಪರೀಕ್ಷೆ ಬೇಡ. ಆಗ ಎಲ್‌ಡಿಎಲ್ ನಿಜಕ್ಕಿಂತ ಕಮ್ಮಿ ತೋರಿಸಬಹುದು. ನಾವು ಸುಳ್ಳು ಸಮಾಧಾನ ಪಟ್ಟುಕೊಂಡು ಸುಮ್ಮನಾಗಿಬಿಡುತ್ತೇವೆ.

ಹೆಜ್ಜೆ 2: ನೀವು ಯಾವ ಗುಂಪು ಅಂತ ನೋಡಿ

ಸಂಶೋಧನೆಗಳು ಒಮ್ಮೆ ಮೊಟ್ಟೆ ಒಳ್ಳೆಯದು ಅನ್ನುತ್ತವೆ, ಇನ್ನೊಮ್ಮೆ ಕೆಟ್ಟದ್ದು ಅನ್ನುತ್ತವೆ ಎಂದು ಜನ ಬೇಸತ್ತಿದ್ದಾರೆ. ಅದರಲ್ಲಿ ತಪ್ಪಿಲ್ಲ. 1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್ಕೋವ್ ಮೊಲಗಳಿಗೆ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟ್ರಾಲ್ ತಿನ್ನಿಸಿ ಅವುಗಳ ರಕ್ತನಾಳ ಕಟ್ಟಿಕೊಳ್ಳುವುದನ್ನು ತೋರಿಸಿದರು. ದೊಡ್ಡ ಕೆಲಸವೇ, ಆದರೆ ಮೊಲ ಸೊಪ್ಪು ತಿನ್ನುವ ಪ್ರಾಣಿ, ಅದರ ದೇಹಕ್ಕೆ ಕೊಲೆಸ್ಟ್ರಾಲ್ ತಿಂದು ಅಭ್ಯಾಸವೇ ಇಲ್ಲ. 1968ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟ್ರಾಲ್ ಮೀರಬೇಡಿ, ವಾರಕ್ಕೆ ಮೂರು ಹಳದಿ ಸಾಕು ಎಂದಿತು. ನಮ್ಮ ತಲೆಯಲ್ಲಿ ಇವತ್ತಿಗೂ ಕೂತಿರುವ ಹೆದರಿಕೆ ಆ ಕಾಲದ್ದು. ಅಮೆರಿಕದ 2015ರ ಆಹಾರ ಮಾರ್ಗಸೂಚಿ ಆ 300ರ ಮಿತಿಯನ್ನು ಕೈಬಿಟ್ಟಿತು. ಮನಸ್ಸಿಗೆ ಬಂದಷ್ಟು ತಿನ್ನಿ ಅಂತಲ್ಲ. ಕೊಲೆಸ್ಟ್ರಾಲ್ ಜಾಸ್ತಿ ಇರುವ ಪದಾರ್ಥಗಳಲ್ಲಿ ಸಾಮಾನ್ಯವಾಗಿ ಸ್ಯಾಚುರೇಟೆಡ್ ಕೊಬ್ಬೂ ಜಾಸ್ತಿ ಇರುತ್ತದೆ, ಒಂದನ್ನು ಹಿಡಿದರೆ ಇನ್ನೊಂದೂ ಹಿಡಿತಕ್ಕೆ ಬರುತ್ತದೆ. ಈ ಮಾತಿಗೆ ಹೊರತಾಗಿರುವುದು ಮೊಟ್ಟೆ ಮತ್ತು ಸಿಗಡಿ. ಇವೆರಡರಲ್ಲಿ ಕೊಲೆಸ್ಟ್ರಾಲ್ ಜಾಸ್ತಿ, ಸ್ಯಾಚುರೇಟೆಡ್ ಕೊಬ್ಬು ಕಮ್ಮಿ.

2019ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಸುಮಾರು 29,600 ಅಮೆರಿಕನ್ನರ ಲೆಕ್ಕ ಬಂತು, ದಿನಕ್ಕೆ ಅರ್ಧ ಮೊಟ್ಟೆ ಜಾಸ್ತಿ ತಿಂದವರಲ್ಲಿ ಹೃದಯದ ಕಾಯಿಲೆ 6 ಶೇಕಡಾ ಹೆಚ್ಚು ಕಂಡಿತು. ಮರುವರ್ಷವೇ ಬಿಎಂಜೆ ಪತ್ರಿಕೆಯಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ದಿನಕ್ಕೊಂದು ಮೊಟ್ಟೆಯವರೆಗೆ ಅಂಥ ಸಂಬಂಧ ಕಾಣಲಿಲ್ಲ. ಎರಡೂ ಜನರ ಊಟವನ್ನು ದೂರದಿಂದ ನೋಡಿ ಬರೆದ ಲೆಕ್ಕಗಳು. ಮೊಟ್ಟೆಯ ಜೊತೆ ಸಾಸೇಜ್ ತಿಂದವನನ್ನೂ ತರಕಾರಿ ತಿಂದವನನ್ನೂ ಪೂರ್ತಿ ಬೇರ್ಪಡಿಸಿ ನೋಡುವುದು ಇಂಥ ಅಧ್ಯಯನಗಳಲ್ಲಿ ಬಹಳ ಕಷ್ಟ.

ಆರೋಗ್ಯವಾಗಿದ್ದು ಎಲ್‌ಡಿಎಲ್ ಸರಿಯಾಗಿ ಇರುವವರಿಗೆ ದಿನಕ್ಕೊಂದು ಪೂರ್ತಿ ಮೊಟ್ಟೆ ಆಗಬಹುದು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2019ರಲ್ಲಿ ಹೇಳಿದೆ. ಸಕ್ಕರೆ ಕಾಯಿಲೆ ಇದ್ದರೆ, ಎಲ್‌ಡಿಎಲ್ ಜಾಸ್ತಿ ಇದ್ದರೆ ವಾರಕ್ಕೆ ಏಳು ದಾಟಬೇಡಿ ಅನ್ನುವುದು ಆಸ್ಟ್ರೇಲಿಯಾದ ಹಾರ್ಟ್ ಫೌಂಡೇಶನ್ ಅದೇ ವರ್ಷ ಕೊಟ್ಟ ಸಲಹೆ. ಈ ಗುಂಪಿನವರು ವಾರಕ್ಕೆ ಮೂರು ನಾಲ್ಕರಿಂದ ಶುರು ಮಾಡಿ ರಿಪೋರ್ಟ್ ನೋಡಿಕೊಂಡು ಮುಂದೆ ಹೋಗುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ವೈದ್ಯರು ಬೇರೆ ಹೇಳಿದ್ದರೆ ಅವರ ಮಾತೇ ನಡೆಯಲಿ.

ಮೂರನೆಯ ಗುಂಪೊಂದಿದೆ. ಹುಟ್ಟಿನಿಂದಲೇ ಎಲ್‌ಡಿಎಲ್ ಜಾಸ್ತಿ ಇರುವವರು. ಸುಮಾರು 250 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ, ಮನೆತನದಲ್ಲಿ ಹರಿದು ಬರುತ್ತದೆ. ನಿಮ್ಮ ಎಲ್‌ಡಿಎಲ್ 190 ದಾಟಿದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿದ್ದರೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿನ (ಟೆಂಡನ್) ಹತ್ತಿರ ಗಂಟು ಗಂಟಾಗಿದ್ದರೆ ಮೊಟ್ಟೆಯ ಲೆಕ್ಕ ಹಾಕುತ್ತಾ ಕೂರಬೇಡಿ, ನೇರವಾಗಿ ವೈದ್ಯರ ಹತ್ತಿರ ಹೋಗಿ. ಬರೀ ಊಟದಿಂದ ಇದು ಹತೋಟಿಗೆ ಬರುವುದಿಲ್ಲ. ಮಕ್ಕಳನ್ನೂ ಪರೀಕ್ಷೆ ಮಾಡಿಸಬೇಕಾಗುತ್ತದೆ.

ಹೆಜ್ಜೆ 3: ಮೊಟ್ಟೆ ಬೇಯಿಸುವ ರೀತಿ ಬದಲಿಸಿ

ಈ ಹೆಜ್ಜೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಎಣ್ಣೆಯ ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಒಂದು ವಾರ ಚಮಚದಲ್ಲಿ ಅಳೆದು ಹಾಕಿ ನೋಡಿ, ಇಷ್ಟು ದಿನ ಎಷ್ಟು ಹಾಕುತ್ತಿದ್ದೆವು ಅನ್ನುವುದು ಆಗ ಗೊತ್ತಾಗುತ್ತದೆ. ಒಂದು ಮೊಟ್ಟೆಗೆ ಒಂದು ಟೀ ಚಮಚ ಎಣ್ಣೆ ಬೇಕಾದಷ್ಟಾಯಿತು. ಸೂರ್ಯಕಾಂತಿ, ಆಲಿವ್, ಕನೋಲಾ ಎಣ್ಣೆಯಲ್ಲಿ ಯಾವುದಾದರೂ ಸರಿ, ಒಂದು ಟೀ ಚಮಚಕ್ಕೆ ಸ್ಯಾಚುರೇಟೆಡ್ ಕೊಬ್ಬು ಒಂದು ಗ್ರಾಂ ಕೂಡ ಆಗುವುದಿಲ್ಲ.

ಬಾಣಲೆ ಹದವಾಗಿ ಕಾಯಲಿ. ಎಣ್ಣೆ ಹಾಕಿ, ಬಾಣಲೆಯನ್ನು ಒಮ್ಮೆ ಓರೆ ಮಾಡಿ ತಿರುಗಿಸಿ, ತಳಕ್ಕೆಲ್ಲ ಸವರಿಕೊಳ್ಳಲಿ. ಉರಿ ಸಣ್ಣದು ಮಾಡಿ ಮೊಟ್ಟೆ ಒಡೆದು ಹಾಕಿ. ಅಂಚು ಬೆಳ್ಳಗಾಗಿ ಗಟ್ಟಿಯಾಗುತ್ತಿದ್ದಂತೆ ಬಾಣಲೆಯ ಪಕ್ಕಕ್ಕೆ ಒಂದು ಚಮಚ ನೀರು ಬಿಟ್ಟು ತಟ್ಟನೆ ಮುಚ್ಚಳ ಮುಚ್ಚಿ. ಚೊಯ್ ಅಂತ ಸದ್ದು ಬರುತ್ತದೆ, ಆ ಹಬೆಯೇ ಮೇಲಿನ ಭಾಗವನ್ನು ಬೇಯಿಸುತ್ತದೆ. ಮಗುಚುವ ಕೆಲಸ ಇಲ್ಲ, ಇನ್ನೊಂದಿಷ್ಟು ಎಣ್ಣೆ ಸುರಿಯುವ ಕೆಲಸವೂ ಇಲ್ಲ. ಎರಡು ನಿಮಿಷದ ಮೇಲೆ ಮುಚ್ಚಳ ತೆಗೆದರೆ ಹಳದಿಯ ಮೇಲೆ ತೆಳ್ಳಗೆ ಬಿಳಿ ಪೊರೆ ಬಂದಿರುತ್ತದೆ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಕೊಡುವುದಾದರೆ ಹಳದಿ ಪೂರ್ತಿ ಗಟ್ಟಿಯಾಗುವವರೆಗೆ ಬಿಡಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಇರುವುದಿಲ್ಲ.

ನೀರಲ್ಲಿ ಬೇಯಿಸಿದರೆ ಜಿಡ್ಡಿನ ಪ್ರಶ್ನೆಯೇ ಇಲ್ಲ. ಮೊಟ್ಟೆ ಮುಳುಗುವಷ್ಟು ನೀರು ಹಾಕಿ ಕುದಿ ಬಂದ ಕೂಡಲೇ ಒಲೆ ಆರಿಸಿ, ಮುಚ್ಚಿ 10ರಿಂದ 12 ನಿಮಿಷ ಬಿಟ್ಟು ತಣ್ಣೀರಿಗೆ ಹಾಕಿ. ಹಳದಿಯ ಸುತ್ತ ಹಸಿರು ಬೂದು ಬಣ್ಣದ ಗೆರೆ ಬಂದರೆ ಕೆಟ್ಟಿದೆ ಅಂತಲ್ಲ. ಜಾಸ್ತಿ ಬೆಂದು ಹಳದಿಯ ಕಬ್ಬಿಣ ಮತ್ತು ಬಿಳಿಯ ಗಂಧಕ ಸೇರಿದ್ದು ಅಷ್ಟೇ, ತಿನ್ನಬಹುದು. ತೀರಾ ತಾಜಾ ಮೊಟ್ಟೆಯ ಸಿಪ್ಪೆ ಸುಲಿಯುವುದು ಕಷ್ಟ, ಒಂದು ವಾರ ಹಳೆಯದಾದರೆ ಸಲೀಸಾಗಿ ಬರುತ್ತದೆ.

ಹಸಿ ಬಿಳಿ ಕುಡಿಯುವವರಿಗೆ ಒಂದು ಮಾತು. ಅದರಲ್ಲಿರುವ ಅವಿಡಿನ್ ಎಂಬ ಅಂಶ ಬಯೋಟಿನ್ ವಿಟಮಿನ್ನನ್ನು ಕಟ್ಟಿಹಾಕುತ್ತದೆ, ಹಸಿ ಮೊಟ್ಟೆಯ ಪ್ರೊಟೀನ್ ದೇಹಕ್ಕೆ ಸರಿಯಾಗಿ ದಕ್ಕುವುದೂ ಇಲ್ಲ. ಬೇಯಿಸಿಯೇ ತಿನ್ನಿ.

ಹಳದಿ ಎಸೆದರೆ ಏನೇನು ಹೋಗುತ್ತದೆ ಅನ್ನುವುದೂ ಗೊತ್ತಿರಲಿ. ಒಂದು ಮೊಟ್ಟೆಯ 6 ಗ್ರಾಂ ಪ್ರೊಟೀನ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಹಳದಿಯಲ್ಲೇ ಇರುತ್ತದೆ. ಮಿದುಳಿಗೆ ಬೇಕಾದ ಕೋಲಿನ್, ಕಣ್ಣಿಗೆ ಬೇಕಾದ ಲೂಟೀನ್, ವಿಟಮಿನ್ ಡಿ, ಇವೆಲ್ಲ ಇರುವುದೂ ಅಲ್ಲೇ. ಎರಡು ಮೊಟ್ಟೆಯ ರುಚಿ ಬೇಕು, ಕೊಲೆಸ್ಟ್ರಾಲ್ ಒಂದರಷ್ಟೇ ಇರಲಿ ಅನ್ನುವವರು ಒಂದು ಪೂರ್ತಿ ಮೊಟ್ಟೆಗೆ ಇನ್ನೊಂದರ ಬಿಳಿ ಸೇರಿಸಿ ಕಲಕಿ ಆಮ್ಲೆಟ್ ಮಾಡಿ, ಬಣ್ಣವೂ ಇರುತ್ತದೆ, ಪರಿಮಳವೂ ಇರುತ್ತದೆ.

ಕಂದು ಮೊಟ್ಟೆ, ಬಿಳಿ ಮೊಟ್ಟೆ ಎರಡೂ ಒಂದೇ. ಚಿಪ್ಪಿನ ಬಣ್ಣ ಕೋಳಿಯ ತಳಿಯಿಂದ ಬರುತ್ತದೆ. ಬಾತುಕೋಳಿ ಮೊಟ್ಟೆ ಮಾತ್ರ ಬೇರೆ, ಒಂದರಲ್ಲೇ 600 ಮಿಲಿಗ್ರಾಂ ದಾಟಿ ಕೊಲೆಸ್ಟ್ರಾಲ್ ಇರುತ್ತದೆ, ಅದನ್ನು ಮೂರು ಕೋಳಿ ಮೊಟ್ಟೆಯ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಹೆಜ್ಜೆ 4: ತಟ್ಟೆಯಲ್ಲಿ ಜೊತೆಗೆ ಏನಿದೆ ನೋಡಿ

ಬೆಣ್ಣೆ ಸವರಿದ ಬಿಳಿ ಬ್ರೆಡ್, ಚೀಸ್, ಸಾಸೇಜ್ ಮಧ್ಯೆ ಒಂದು ಮೊಟ್ಟೆ ಇದ್ದರೆ ತಪ್ಪು ಮೊಟ್ಟೆಯದಲ್ಲ. ಒಂದು ಸ್ಲೈಸ್ ಚೀಸ್‌ನಲ್ಲೇ ಮೂರು ಮೊಟ್ಟೆಯಷ್ಟು ಸ್ಯಾಚುರೇಟೆಡ್ ಕೊಬ್ಬು ಇರಬಹುದು. ಅದೇ ಮೊಟ್ಟೆ ಬೇಯಿಸಿದ ಕಾಳು, ಸೊಪ್ಪು, ಟೊಮೆಟೊ, ತವುಡು ತೆಗೆಯದ ಧಾನ್ಯದ ಜೊತೆ ಇದ್ದರೆ ಲೆಕ್ಕ ಬೇರೆಯೇ ಆಗುತ್ತದೆ.

ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಈ ಮೊಟ್ಟೆ ಇಲ್ಲದಿದ್ದರೆ ಈ ಜಾಗದಲ್ಲಿ ಏನು ತಿನ್ನುತ್ತಿದ್ದೆ? ಸಿಹಿ ಬನ್ನೋ ಸಂಸ್ಕರಿಸಿದ ಮಾಂಸವೋ ಆಗಿದ್ದರೆ ಮೊಟ್ಟೆಯೇ ಮೇಲು. ಬೇಳೆಕಾಳು, ಬಾದಾಮಿ ಆಗಿದ್ದರೆ ಅವನ್ನೇ ತಿನ್ನುವುದು ಹೃದಯಕ್ಕೆ ಇನ್ನೂ ಒಳ್ಳೆಯದು. ಕೇಕ್, ಬಿಸ್ಕತ್ತಿನಲ್ಲಿ ಇರುವ ಮೊಟ್ಟೆಯನ್ನೂ ಎಣಿಸಿ, ಅದು ಬೆಣ್ಣೆ ಸಕ್ಕರೆ ಎರಡನ್ನೂ ಜೊತೆಗೆ ಕರೆದುಕೊಂಡೇ ಬಂದಿರುತ್ತದೆ.

ಹೆಜ್ಜೆ 5: ಇಡೀ ದಿನದ ಜಿಡ್ಡಿನ ಲೆಕ್ಕ

ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸ್ಯಾಚುರೇಟೆಡ್ ಕೊಬ್ಬು ಸುಮಾರು 22 ಗ್ರಾಂ ಮೀರಬಾರದು. ಎಲ್‌ಡಿಎಲ್ ಇಳಿಸಬೇಕಾದವರಿಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುವುದು ಇನ್ನೂ ಕಮ್ಮಿ, ಸುಮಾರು 13 ಗ್ರಾಂ. ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲೇ 11 ಗ್ರಾಂ ಮುಗಿದುಹೋಗುತ್ತದೆ. ತಾಳೆ ಎಣ್ಣೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬೇ ಇರುತ್ತದೆ, ಬಹಳಷ್ಟು ಪೊಟ್ಟಣದ ತಿಂಡಿಗಳಲ್ಲಿ ಇರುವುದು ಅದೇ.

ಪೊಟ್ಟಣ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಅಡುಗೆ ಎಣ್ಣೆಯ ಮೇಲೆ ಕೊಲೆಸ್ಟ್ರಾಲ್ ಫ್ರೀ ಅಂತ ದೊಡ್ಡದಾಗಿ ಬರೆದಿದ್ದರೆ ಅದಕ್ಕೆ ಬೆಲೆ ಕೊಡಬೇಡಿ. ಗಿಡಮೂಲದ ಎಣ್ಣೆ ಯಾವುದರಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ನೋಡಬೇಕಾದ್ದು ಸ್ಯಾಚುರೇಟೆಡ್ ಕೊಬ್ಬಿನ ಸಾಲು. ಪಾರ್ಷಿಯಲಿ ಹೈಡ್ರೋಜಿನೇಟೆಡ್ ಎಂಬ ಪದ ಕಂಡರೆ ಅದು ಟ್ರಾನ್ಸ್ ಕೊಬ್ಬು, ಅಲ್ಲಿಗೇ ವಾಪಸ್ ಇಟ್ಟುಬಿಡಿ. ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸುವ ಕೊಬ್ಬು ಅದು.

ಕಾಫಿ ಪ್ರಿಯರಿಗೂ ಒಂದು ವಿಷಯ. ಪುಡಿಯನ್ನು ನೀರಲ್ಲಿ ಕುದಿಸಿ ಹಾಗೇ ಬಗ್ಗಿಸಿಕೊಂಡು ಕುಡಿಯುವ ಕಾಫಿಯಲ್ಲಿ ಕೆಫೆಸ್ಟಾಲ್ ಎಂಬ ಅಂಶ ಉಳಿದುಕೊಳ್ಳುತ್ತದೆ. ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರಲ್ಲಿ ಇದು ಎಲ್‌ಡಿಎಲ್ ಏರಿಸುತ್ತದೆ. ಕಾಗದದ ಫಿಲ್ಟರ್‌ನಲ್ಲಿ ಸೋಸಿದರೆ ಹೆಚ್ಚಿನಂಶ ಹೋಗುತ್ತದೆ.

ಹೆಜ್ಜೆ 6: ಬಿಡುವುದರ ಜೊತೆ ಸೇರಿಸುವುದೂ ಇರಲಿ

ನೀರಿನಲ್ಲಿ ಲೋಳೆಯಾಗುವ ನಾರು ದಿನಕ್ಕೆ 5ರಿಂದ 10 ಗ್ರಾಂ ಸಿಕ್ಕರೆ ಎಲ್‌ಡಿಎಲ್ ಸುಮಾರು 5 ಶೇಕಡಾ ಇಳಿಯುತ್ತದೆ. ಈ ಲೋಳೆ ಕರುಳಿನಲ್ಲಿ ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಹೊಸ ಪಿತ್ತರಸ ಮಾಡಲು ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳಬೇಕಾಗುತ್ತದೆ. ಓಟ್ಸ್, ಬಾರ್ಲಿ, ಕಾಳುಗಳು, ಸೇಬು, ಇಸಬ್ಗೋಲ್, ಇವೆಲ್ಲದರಲ್ಲಿ ಈ ನಾರು ಇದೆ. ಒಂದೇ ದಿನ ಜಾಸ್ತಿ ಮಾಡಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ, ನೀರು ಜಾಸ್ತಿ ಕುಡಿಯಿರಿ. ದಿನಕ್ಕೊಂದು ಹಿಡಿ ಉಪ್ಪಿಲ್ಲದ ಬಾದಾಮಿ ಅಥವಾ ವಾಲ್‌ನಟ್, ಮೀನು ತಿನ್ನುವವರಿಗೆ ವಾರಕ್ಕೆ ಎರಡು ಸಲ ಮೀನು. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕಿಂತ ಕಮ್ಮಿ.

ಹೆಜ್ಜೆ 7: ಮತ್ತೆ ಪರೀಕ್ಷೆ ಮಾಡಿಸಿ, ಒಂದೊಂದೇ ಬದಲಿಸಿ

ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಇಳಿಯಿತು ಅಂತ ಗೊತ್ತಾಗುವುದಿಲ್ಲ. ಹೀಗೆ ಮಾಡಿ. ಮೊದಲ ಎಂಟು ವಾರ ಮೊಟ್ಟೆಯ ಲೆಕ್ಕ ಬದಲಿಸಬೇಡಿ, ಎಷ್ಟು ತಿನ್ನುತ್ತಿದ್ದಿರೋ ಅಷ್ಟೇ ಇರಲಿ. ಬೆಣ್ಣೆ, ಚೀಸ್, ಕರಿದದ್ದು, ಬೇಕರಿ ತಿಂಡಿ ಕಮ್ಮಿ ಮಾಡಿ, ನಾರು ಸೇರಿಸಿ. ಆಮೇಲೆ ಅದೇ ಲ್ಯಾಬ್‌ನಲ್ಲಿ, ಮೊದಲ ಸಲ ಖಾಲಿ ಹೊಟ್ಟೆಯಲ್ಲಿ ಕೊಟ್ಟಿದ್ದರೆ ಈಗಲೂ ಖಾಲಿ ಹೊಟ್ಟೆಯಲ್ಲೇ ರಕ್ತ ಕೊಡಿ. ಎಲ್‌ಡಿಎಲ್ ಇಳಿದಿದ್ದರೆ ಮೊಟ್ಟೆಯ ಚಿಂತೆ ಬಿಡಿ. ಇಳಿಯದಿದ್ದರೆ ಮುಂದಿನ ಎಂಟು ವಾರ ಹಳದಿಯನ್ನು ವಾರಕ್ಕೆ ಎರಡು ಮೂರಕ್ಕೆ ಇಳಿಸಿ, ಉಳಿದದ್ದೆಲ್ಲ ಹಾಗೇ ಇಟ್ಟು ಮತ್ತೆ ನೋಡಿ. ಆಗ ಚೆನ್ನಾಗಿ ಇಳಿದರೆ, ತಿಂದ ಕೊಲೆಸ್ಟ್ರಾಲ್ ಜಾಸ್ತಿ ಹೀರಿಕೊಳ್ಳುವ ದೇಹ ನಿಮ್ಮದಿರಬಹುದು. ಒಂದೆರಡು ಅಂಕಿಯ ಏರಿಳಿತಕ್ಕೆ ಅರ್ಥ ಹುಡುಕಬೇಡಿ, ಅಷ್ಟು ವ್ಯತ್ಯಾಸ ಎಲ್ಲರಲ್ಲೂ ಇರುತ್ತದೆ. ಈ ಪ್ರಯೋಗ ಆರೋಗ್ಯವಾಗಿ ಇರುವವರಿಗೆ, ಸ್ವಲ್ಪ ಮಾತ್ರ ಜಾಸ್ತಿ ಇರುವವರಿಗೆ. ಹೃದಯದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇಷ್ಟು ವಾರ ಕಾಯುವಂತಿಲ್ಲ.

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ದಯವಿಟ್ಟು ಊಟ ಸರಿಮಾಡಿದೆ ಅಂತ ಮಾತ್ರೆ ನಿಲ್ಲಿಸಬೇಡಿ. ರಿಪೋರ್ಟ್ ಚೆನ್ನಾಗಿ ಬಂದಿದ್ದರೆ ಅದರಲ್ಲಿ ಮಾತ್ರೆಯ ಕೆಲಸವೂ ಸೇರಿದೆ.

ನಮ್ಮ ಮನೆಯಲ್ಲಿ ಬೆಣ್ಣೆ ನಿಂತ ಮೇಲೆ ಅಪ್ಪನ ಎಲ್‌ಡಿಎಲ್ ಇಳಿಯಿತು, ಆದರೆ ವೈದ್ಯರು ಹೇಳಿದ ಗುರಿಗೆ ಬರಲಿಲ್ಲ. ಮಾತ್ರೆ ಶುರುವಾಯಿತು. ಈಗ ಅಮ್ಮ ದಿನ ಬಿಟ್ಟು ದಿನ ಅವರಿಗೆ ಒಂದು ಪೂರ್ತಿ ಮೊಟ್ಟೆ ಬೇಯಿಸಿ ಕೊಡುತ್ತಾರೆ, ಹಳದಿಯ ಮೇಲೆ ಸ್ವಲ್ಪ ಕಾಳುಮೆಣಸಿನ ಪುಡಿ ಉದುರಿಸಿ. ಎಣ್ಣೆ ಬಾಟಲಿಯ ಪಕ್ಕದಲ್ಲಿ ಒಂದು ಟೀ ಚಮಚ ಯಾವಾಗಲೂ ಇರುತ್ತದೆ.